ತೆಳುಕೊಕ್ಕಿನ ಗೊರವ, ಒಂದು

ಸಂಜೆ ಏಳೂವರೆ ಆಯಿತೆಂದರೆ ಅಮೆರ್ಸೂದಾ ಒಲೆ ಆರಿಸಿಬಿಡುತ್ತಾಳೆ. ಆಮೇಲೆ ಸಾಕ್ಷಾತ್ ಬಿಷಪ್ಪರೇ ಬಂದು ಕೇಳಿದರೂ ಅವಳ ಅಂಗಡಿಯಲ್ಲಿ ಒಂದು ಗುಟುಕು ಕಾಫಿ ಹುಟ್ಟುವುದಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ದ್ವೀಪದ ಕೊಲ್ಲಿಯ ದಡದ ನಮ್ಮೂರು ಸ್ಕಾಲಾದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾನೂನು. ಬಲೆ ಹೆಣೆಯುವವರು ಬಲೆ ಬದಿಗಿಡುತ್ತಾರೆ. ಇಸ್ಪೀಟು ಆಡುವವರು ಎಲೆ ಮಗುಚಿ ಇಡುತ್ತಾರೆ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಪರದೇಶದ ಹಕ್ಕಿಹುಚ್ಚರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಅವಳು ಏಪ್ರನ್ನಿಗೆ ಕೈ ಒರೆಸಿ, ಕನ್ನಡಕ ಏರಿಸಿ, ನೀಲಿ ರಟ್ಟಿನ ದಪ್ಪ ಪುಸ್ತಕ ತೆರೆದು, ಆ ದಿನ ಯಾರ್ಯಾರು ಏನೇನು ಕಂಡು ಬರೆದಿದ್ದಾರೋ ಅದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ.

"ರಾಜಹಂಸ, ಇನ್ನೂರ ಹನ್ನೆರಡು, ಎರಡನೇ ಉಪ್ಪಿನ ಗದ್ದೆ, ಬೆಳಿಗ್ಗೆ ಏಳು. ನಿಂತಿತು. ಚಂದ್ರಮುಕುಟ, ಒಂದು, ಸ್ಮಶಾನದ ಹಿಂದಿನ ಆಲಿವ್ ತೋಪು. ನಿಂತಿತು. ಕಳ್ಳಿಪೀರ, ಮೂವತ್ತು, ತಂತಿಯ ಮೇಲೆ..."

ಓದಿದ ಸಾಲಿನ ಮೇಲೆ ಅನುಮಾನ ಇದ್ದವರು ಕೈಯಲ್ಲಿರುವ ಲೋಟವನ್ನು ಮೇಜಿಗೆ ಒಮ್ಮೆ ಕುಟ್ಟಬೇಕು. ಟಕ್. ಆಗ ಬರೆದವರು ಎದ್ದು ಉತ್ತರ ಹೇಳಬೇಕು: ಎಷ್ಟು ದೂರ ಇತ್ತು, ಬಿಸಿಲು ಯಾವ ಕಡೆಗಿತ್ತು, ಕಾಲಿನ ಬಣ್ಣ ಏನು. ಯಾರೂ ಕುಟ್ಟದಿದ್ದರೆ ಅಮೆರ್ಸೂದಾ "ನಿಂತಿತು" ಎಂದು ಮುಂದಿನ ಸಾಲಿಗೆ ಹೋಗುತ್ತಾಳೆ. ತಪ್ಪೆಂದು ಗೊತ್ತಾದರೆ ಬರೆದವರೇ ಪೆನ್ನು ಹಿಡಿದು, ಕೆಳಗಿನದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಾಳೆ ಹರಿಯುವ ಹಾಗಿಲ್ಲ, ಮಸಿ ಬಳಿಯುವ ಹಾಗಿಲ್ಲ, ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಚ್ಚುವ ಹಾಗಂತೂ ಇಲ್ಲವೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಹನ್ನೆರಡು ಪುಸ್ತಕ ತುಂಬಿವೆ. ಗೆರೆ ಬೀಳದ ಪುಟ ಹುಡುಕಿದರೂ ಸಿಗುವುದು ಕಷ್ಟ.

ಒಮ್ಮೆ ಅಥೆನ್ಸಿನಿಂದ ಬಂದ ಪ್ರೊಫೆಸರರೊಬ್ಬರು ಜೊಂಡಿನಲ್ಲಿ ದೊಡ್ಡ ಬೆಳ್ಳಕ್ಕಿ ಕಂಡೆನೆಂದು ಬರೆದರು. ಲೋಟ ಕುಟ್ಟಿದ್ದು ಅಮೆರ್ಸೂದಾಳ ಗಂಡ ಪ್ರೊಕೊಪಿಸ್. ಅವನು ಸಾರ್ಡೀನ್ ಮೀನು ಹಿಡಿಯುವವನು. ಹಕ್ಕಿಯ ಗೊಡವೆ ಅವನಿಗಿಲ್ಲ.

"ಅದು ನನ್ನ ಗೊಬ್ಬರದ ಚೀಲ, ಪ್ರೊಫೆಸರ್. ಮೂರು ದಿನದಿಂದ ಹುಡುಕ್ತಿದೀನಿ."

ಪ್ರೊಫೆಸರರು ಗೆರೆ ಎಳೆದರು, ಸಹಿ ಹಾಕಿದರು, ಆಮೇಲೆ ಪ್ರತಿ ವರ್ಷ ಬಂದರು. ಅವಮಾನ ಆದ ಜಾಗಕ್ಕೆ ಮನುಷ್ಯ ಮತ್ತೆ ಬರುತ್ತಾನೆಂದರೆ ಆ ಜಾಗದಲ್ಲಿ ಏನೋ ಒಂದು ಇರಬೇಕು.

ಈಗ ಫೋನಿನಲ್ಲಿ ಗುಂಪುಗಳಿವೆ. ಹಕ್ಕಿ ಇಳಿದು ರೆಕ್ಕೆ ಮಡಿಸುವ ಮೊದಲೇ ಸುದ್ದಿ ದ್ವೀಪದ ಆ ತುದಿ ಮುಟ್ಟಿರುತ್ತದೆ. ತಪ್ಪಾದರೆ ಬೆರಳಲ್ಲಿ ಒತ್ತಿದರೆ ಸಾಕು, ಹೇಳಿಯೇ ಇರಲಿಲ್ಲವೆಂಬಂತೆ ಮಾಯ. ಅಮೆರ್ಸೂದಾಳಿಗೆ ಇದು ಸೇರುವುದಿಲ್ಲ. "ತಪ್ಪು ಮಾಡಿದ್ದು ಕಾಣ್ಬೇಕು ಕಣ್ರೀ. ಕಾಣದಿದ್ರೆ ಮುಂದಿನ ವರ್ಷ ಇನ್ನೊಬ್ರು ಅದನ್ನೇ ಮಾಡ್ತಾರೆ," ಎನ್ನುತ್ತಾಳೆ. ಅವಳ ಸಾಲುಗಳಿಗೂ ಗೆರೆ ಬಿದ್ದಿದೆ. ಮೊದಲ ಎರಡು ಪುಸ್ತಕದಲ್ಲಂತೂ ಅವಳ ಗೆರೆಯೇ ಹೆಚ್ಚು.

ಯಾಕೆಂದರೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಗುಡ್ಡದ ಮೇಲಿನ ಊರಿನಿಂದ ಮದುವೆಯಾಗಿ ಇಳಿದು ಬಂದಾಗ ಅವಳಿಗೆ ಗೊತ್ತಿದ್ದದ್ದು ಎರಡೇ ಜಾತಿ: ಕೋಳಿ ಮತ್ತು ಕೋಳಿಯಲ್ಲದ್ದು. ಕಲಿಸಿದವನು ಬಾರ್ಬಾ ಫೋತಿಸ್, ಬಾರ್ಬಾ ಅಂದರೆ ಊರಿಗೆಲ್ಲ ದೊಡ್ಡಪ್ಪ. ಉಪ್ಪಿನ ಆಗರದಲ್ಲಿ ನಲವತ್ತು ವರ್ಷ ಉಪ್ಪು ಎಳೆದವನು. ಓದು ಬರಹ ಬಾರದು, ಸಹಿ ಮಾತ್ರ ಬರುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ಬಂದು, ಸಕ್ಕರೆ ಇಲ್ಲದ ಕಾಫಿ ಮುಂದಿಟ್ಟುಕೊಂಡು, ಕಿಟಕಿಯಾಚೆ ಚಮಚದಿಂದ ತೋರಿಸುತ್ತಿದ್ದ.

"ನೋಡು ಮಗಳೇ, ಬಣ್ಣ ಆಮೇಲೆ. ಮೊದ್ಲು ನಡಿಗೆ ನೋಡು. ಬಣ್ಣ ಬಿಸಿಲು ಬಿದ್ದಂಗೆ ಬದಲಾಗುತ್ತೆ, ನಡಿಗೆ ಬದಲಾಗಲ್ಲ."

"ಅಲ್ಲಿ ಸೊಟ್ಟ ಕೊಕ್ಕಿನದು ಏನು ಬಾರ್ಬಾ?"

"ಅದು ದೊಡ್ಡ ಗೊರವ. ಅದರ ಚಿಕ್ಕ ತಂಗಿ ಒಬ್ಳಿದಾಳೆ. ಅವಳನ್ನ ನಾನು ನೋಡಿದೀನಿ, ಒಂದೇ ಸಲ."

ಆ ಕತೆಯನ್ನು ಅವಳು ಬಂದ ವರ್ಷವೇ ಅವನು ಅವಳಿಗೆ ಹೇಳಿದ್ದ. ಐವತ್ತೆಂಟನೇ ಇಸವಿ, ಸೈನ್ಯದಿಂದ ಬಿಡುಗಡೆಯಾಗಿ ಬಂದ ಏಪ್ರಿಲ್. ಮೂರನೇ ಗದ್ದೆಯಲ್ಲಿ ಕೆಸರು ಎಳೆಯುವಾಗ ಗೊರವಗಳ ಹಿಂಡಿನಲ್ಲಿ ಒಂದು ಸಣ್ಣದು ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಕೊಕ್ಕು ದಬ್ಬಳದಷ್ಟು ತೆಳು. ಬಿಳಿಯ ಪಕ್ಕೆಯ ಮೇಲೆ ಕಪ್ಪು ಚುಕ್ಕೆ, ಇಸ್ಪೀಟೆಲೆಯಲ್ಲಿ ಆಟೀನಿಗೆ ಇರುತ್ತದಲ್ಲ, ಆ ಹೃದಯದ ಆಕಾರ. ಸಂಜೆ ಅಂಗಡಿಗೆ ಬಂದು ಹೇಳಿದರೆ ಮೀನುಗಾರರೆಲ್ಲ ಒಟ್ಟಿಗೆ ಲೋಟ ಕುಟ್ಟಿದರು. ಮಾರುದ್ದದ ಮೀನು ತಪ್ಪಿಸಿಕೊಂಡಿತು ಎಂದವನಿಗೆ ಮಾಡುವ ಮರ್ಯಾದೆ ಅದು. "ಆಟೀನು ಹಕ್ಕಿ ಬಂತು, ತುರುಪು ಹಾಕ್ರೋ" ಎಂದು ವರ್ಷಗಟ್ಟಲೆ ಅವನನ್ನು ಹುರಿದು ತಿಂದರು. ಮುಂದೆ ಅಮೆರ್ಸೂದಾ ಪುಸ್ತಕ ಇಟ್ಟಾಗ ಆ ಲೋಟ ಕುಟ್ಟುವ ಗೇಲಿಯನ್ನೇ ನಿಯಮ ಮಾಡಿದಳು. ಆದರೆ ಒಂದೇ ಸಲ ಕುಟ್ಟಬೇಕು, ಕುಟ್ಟಿದವನು ಉತ್ತರ ಕೇಳಿಸಿಕೊಳ್ಳಬೇಕು.

ಅವಳು ಬಂದು ಹತ್ತು ವರ್ಷವಾದ ಮೇಲೆ ಒಬ್ಬ ಪರದೇಶದವನು ಚಿತ್ರಗಳಿದ್ದ ಹಕ್ಕಿ ಪುಸ್ತಕ ತಂದ. ಬಾರ್ಬಾ ಫೋತಿಸ್ ಪುಟ ತಿರುಗಿಸುತ್ತ ಹೋಗಿ ಒಂದು ಕಡೆ ಬೆರಳಿಟ್ಟ. ತೆಳುಕೊಕ್ಕಿನ ಗೊರವ. ಆ ಪರದೇಶದವನು ಕನಿಕರದಿಂದಲೇ ಹೇಳಿದ: ಅದು ಎಲ್ಲೂ ಕಾಣದಂತಾಗಿದೆ ಅಜ್ಜ, ಭೂಮಿಯ ಮೇಲೆಯೇ ಉಳಿದಿಲ್ಲವೇನೋ, ನೀವು ನೋಡಿದ್ದು ದೊಡ್ಡ ಗೊರವವನ್ನೇ ಇರಬೇಕು. ಮುದುಕ ಪುಸ್ತಕ ಮುಚ್ಚಿ ವಾಪಸು ಕೊಟ್ಟ. ಗೇಲಿಗಿಂತ ಆ ಕನಿಕರ ಅವನಿಗೆ ಹೆಚ್ಚು ನಾಟಿತು.

ಹತ್ತೊಂಬತ್ತು ವರ್ಷದ ಹಿಂದಿನ ಒಂದು ಏಪ್ರಿಲ್ ಬೆಳಿಗ್ಗೆ, ಆರು ನಲವತ್ತಕ್ಕೆ, ಮೂರನೇ ಗದ್ದೆಯ ಬದುವಿನ ಮೇಲೆ ಅಮೆರ್ಸೂದಾ ಒಬ್ಬಳೇ ಇದ್ದಳು. ಸೂರ್ಯ ಎದುರಿಗೆ, ನೀರಿನ ಮೇಲೆ ಮಂಜು. ಐದಾರು ಗೊರವಗಳ ನಡುವೆ ಒಂದು ಚಿಕ್ಕದು. ಕೊಕ್ಕು ತೆಳು. ದುರ್ಬೀನು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂಡು ಎದ್ದು ಬದುವಿನಾಚೆ ಹೋಯಿತು. ಎಲ್ಲ ಸೇರಿ ಅರ್ಧ ನಿಮಿಷ.

ಆಗ ಬಾರ್ಬಾ ಫೋತಿಸ್ ಹಾಸಿಗೆ ಹಿಡಿದಿದ್ದ. ಎದೆಯ ಕಾಯಿಲೆ, ವೈದ್ಯರು ಕೈಚೆಲ್ಲಿದ್ದರು. ಅವಳು ಕೆಸರು ಕಾಲಲ್ಲೇ ಓಡಿಹೋಗಿ ಹೇಳಿದಳು. ಮುದುಕ ಮೊಣಕೈ ಊರಿ ಎದ್ದು ಕೇಳಿದ್ದು ಒಂದೇ ಮಾತು.

"ಆಟೀನು ಇತ್ತಾ?"

ಚುಕ್ಕೆಯನ್ನು ಅವಳು ನೋಡಿರಲಿಲ್ಲ. ಬಿಸಿಲಿಗೆ ಪಕ್ಕೆಯೆಲ್ಲ ಕಪ್ಪಾಗಿ ಕಂಡಿತ್ತು. ಆದರೆ ಆ ಮುಖ ನೋಡಿದವರು ಯಾರಾದರೂ ಇಲ್ಲವೆನ್ನುತ್ತಿದ್ದರೇ?

"ಇತ್ತು ಬಾರ್ಬಾ," ಎಂದಳು.

ಆ ಸಂಜೆ ಪ್ರೊಕೊಪಿಸ್ ಅವನನ್ನು ಕಂಬಳಿ ಸುತ್ತಿ, ಕುರ್ಚಿ ಸಮೇತ ಹೊತ್ತುಕೊಂಡು ಅಂಗಡಿಗೆ ತಂದ. ಅಮೆರ್ಸೂದಾ ತನ್ನ ಸಾಲು ಓದಿದಳು: ತೆಳುಕೊಕ್ಕಿನ ಗೊರವ, ಒಂದು, ಪಕ್ಕೆಯಲ್ಲಿ ಹೃದಯದ ಚುಕ್ಕೆ. ಮುದುಕನ ಮುಖ ನೋಡಿ ಯಾರೂ ಲೋಟ ಮುಟ್ಟಲಿಲ್ಲ. ಅವನು ಅಳುತ್ತ ನಗುತ್ತ, "ಕೆಳಗೆ ಇನ್ನೊಂದು ಸಾಲು ಬರಿ ಮಗಳೇ, ನಂದು," ಎಂದ. ಅವನು ಹೇಳಿದಂತೆ ಅವಳು ಬರೆದಳು. ಅವನು ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಅವಳು ಅದನ್ನು ಓದುವಷ್ಟರಲ್ಲಿ ಆಗಲೇ ಗದ್ದಲ. ಎಲ್ಲರೂ ಅಮೆರ್ಸೂದಾಳ ಬೆನ್ನು ತಟ್ಟುತ್ತಿದ್ದರು. ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಬಾರ್ಬಾ ಫೋತಿಸ್ ತೀರಿಕೊಂಡ.

ಒಂಟಿ ಸಾಕ್ಷಿ ಎಂದು ಪಂಡಿತರು ತಲೆ ಅಲ್ಲಾಡಿಸಿದರು. ಆದರೆ ಜನ ಬಂದರು. ಮಂಜಿನ ದೇಶಗಳಿಂದ, ಮಳೆಯ ದೇಶಗಳಿಂದ ಬಂದು, "ಗೊರವ ಕಂಡ ಕಿರಾ ನೀವೇನಾ?" ಎಂದು, ನಮ್ಮಲ್ಲಿ ಹೆಂಗಸರಿಗೆ ಹೇಳುವ ಮರ್ಯಾದೆಯ ಮಾತಿನಲ್ಲೇ ಕೇಳಿ, ಅವಳ ಜೊತೆ ಫೋಟೋ ತೆಗೆಸಿಕೊಂಡರು. ವೇಲ್ಸ್ ಎಂಬ ಕಡೆಯಿಂದ ಬಂದ ಎಮ್ರಿಸ್ ಎನ್ನುವ ಅಂಚೆಯವನು ಆ ಸಾಲನ್ನು ತನ್ನ ಜೇಬಿನ ಪುಸ್ತಕಕ್ಕೆ ಇಳಿಸಿಕೊಂಡ. ಅಲ್ಲಿಂದ ಹದಿನೇಳು ವಸಂತ ತಪ್ಪಿಸಲಿಲ್ಲ. ನಿವೃತ್ತನಾದ, ಹೆಂಡತಿಯನ್ನು ಕಳೆದುಕೊಂಡ, ನಮ್ಮ ಭಾಷೆ ಕಲಿತ. ಅಂಗಡಿಯ ಮೂಲೆಯ ಮೇಜು ಅವನದೇ ಆಯಿತು. ಇಷ್ಟೆಲ್ಲ ನೋಡುತ್ತ ಅಮೆರ್ಸೂದಾ ಒಳಗೊಳಗೇ ಹಿಗ್ಗಿದ್ದೂ ಉಂಟು, ಚಪ್ಪಲಿಯೊಳಗೆ ಹರಳು ಸಿಕ್ಕಿಕೊಂಡವಳ ಹಾಗೆ ನಡೆದದ್ದೂ ಉಂಟು. ಆ ಪುಸ್ತಕವನ್ನು ಅವಳು ಕಪಾಟಿನ ಮೇಲಿನ ಅರೆಯಲ್ಲಿ, ಕೈಗೆ ಸುಲಭವಾಗಿ ಸಿಗದ ಹಾಗೆ ಇಟ್ಟಿದ್ದಳು.

ಈ ವರ್ಷ ಚಳಿಗಾಲದಲ್ಲಿ ಆಗರದ ದೊಡ್ಡ ಪಂಪು ಕೆಟ್ಟಿತು. ಪ್ರತಿ ವರ್ಷ ಮಾರ್ಚಿಗೆ ಮೊಣಕಾಲುದ್ದ ಸಮುದ್ರದ ನೀರು ತುಂಬಿರಬೇಕಾದ ಮೂರನೇ ಗದ್ದೆ ಈಸ್ಟರ್ ಬಂದರೂ ಅರ್ಧ ಕೆಸರು, ಅರ್ಧ ನೀರು. ಮೆಟ್ಟುಗಾಲು ಹಕ್ಕಿಗಳಿಗೆ ಇನ್ನೇನು ಬೇಕು? ಕೆಂಪು ಕಡ್ಡಿಯಂಥ ಕಾಲು ಮಡಿಸಿ ಕೆಸರಿನ ದಿಬ್ಬಗಳ ಮೇಲೆ ಮೊಟ್ಟೆಗೆ ಕೂತವು. ಅಮೆರ್ಸೂದಾ ಆರು ದಿನ ಬೆಳಿಗ್ಗೆ ಬದುವಿನ ಮೇಲೆ ಸ್ಟೂಲು ಹಾಕಿ ಕೂತು ಎಣಿಸಿದಳು. ಒಳಗೆ ಇಳಿದರೆ ಮೊಟ್ಟೆ ತುಳಿಯುತ್ತೇವೆ. ನಡೆದಾಡಿದರೆ ಹಕ್ಕಿಗಳು ಎದ್ದುಬಿಡುತ್ತವೆ. ಅಲ್ಲಾಡದೆ ಕೂತು, ಗಂಡು ಬಂದು ಹೆಣ್ಣು ಏಳುವ ಹೊತ್ತನ್ನೇ ಕಾಯಬೇಕು. ಪಾಳಿ ಬದಲಾದ ಜಾಗಕ್ಕೆ ಒಂದು ಗುರುತು. ಕಾಯುವುದೇ ಒಂದು ವಿದ್ಯೆ, ಅದು ಅವಳಿಗೆ ಸಿದ್ಧಿಸಿದೆ.

ಅಷ್ಟರಲ್ಲಿ ಪಂಪು ರಿಪೇರಿಯಾಯಿತು. ಆಗರಕ್ಕೆ ಈ ವರ್ಷವೇ ಬಂದ ಎಂಜಿನಿಯರ್ ಕ್ಲೆಯಾಂಥಿಸ್ ಸೋಮವಾರ ಬೆಳಿಗ್ಗೆ ನೀರು ಬಿಡುತ್ತೇನೆಂದು ಹೇಳಿಕಳಿಸಿದ. ಕೆಟ್ಟವನಲ್ಲ. ತಂದೆಯೂ ಉಪ್ಪಿನ ಕೆಲಸದವನೇ. ಮಾತು ಕಡಿಮೆ, ಊಟಕ್ಕೆ ಅಮೆರ್ಸೂದಾಳ ಅಂಗಡಿಗೇ ಬರುತ್ತಿದ್ದ. ಭಾನುವಾರ ಸಂಜೆಯೂ ಬಂದು, ಅವರೆಕಾಳು ಹಾಕಿದ ಪಲ್ಲೆಹೂವಿನ ಪಲ್ಯ ಉಂಡು, ಏಳೂವರೆಗೆ ಎಲ್ಲರ ಜೊತೆ ಕೂತಿದ್ದ.

"ಮೆಟ್ಟುಗಾಲು," ಎಂದು ಓದಿದಳು ಅಮೆರ್ಸೂದಾ, "ಗೂಡು ನಲವತ್ತೇಳು, ಮೂರನೇ ಗದ್ದೆ, ಆರು ದಿನ ಬೆಳಿಗ್ಗೆ ಕೂತು ನೋಡಿದ್ದು."

ಟಕ್.

ಎಲ್ಲರೂ ತಿರುಗಿದರು. ಕುಟ್ಟಿದ್ದು ಕ್ಲೆಯಾಂಥಿಸ್.

"ಕಿರಾ ಅಮೆರ್ಸೂದಾ, ನಾನೂ ಕುಟ್ಬಹುದಲ್ವಾ?"

"ಕುಟ್ಟಿ ಆಯ್ತಲ್ಲ. ಕೇಳಿ."

"ನಿನ್ನೆ ಬದುವಿನ ಮೇಲೆ ಈ ತುದಿಯಿಂದ ಆ ತುದಿ ನಡೆದೆ. ನಂಗೆ ಕಂಡಿದ್ದು ಹನ್ನೊಂದು."

"ನಡೆದ್ರೆ ಹನ್ನೊಂದೇ ಕಾಣೋದು. ಕೂರ್ಬೇಕು."

"ನಿಮ್ ಜೊತೆ ಯಾರಿದ್ರು?"

"ಪ್ರೊಕೊಪಿಸ್ ಇದ್ದ. ನಿದ್ದೆ ಮಾಡ್ತಿದ್ದ."

"ಒಂದು ಕಣ್ಣಲ್ಲಿ," ಎಂದ ಪ್ರೊಕೊಪಿಸ್. ಅಂಗಡಿ ನಕ್ಕಿತು. ಕ್ಲೆಯಾಂಥಿಸ್ ನಗಲಿಲ್ಲ.

"ನೋಡಿ, ನಂಗೂ ಹಕ್ಕಿ ಮುಳುಗಿಸೋ ಆಸೆ ಏನಿಲ್ಲ. ಮರಿ ಹೊರಡೋ ತನಕ ಬಿಟ್ರೆ ಒಂದು ತಿಂಗಳು ಹೋಗುತ್ತೆ. ಆ ಗದ್ದೆಸಾಲಿನ ಉಪ್ಪು ಈ ಸಲ ಅರ್ಧ. ಮೇಲಿನವರು ಯಾಕೆ ಅಂತಾರೆ, ನಾನು ಕಾಗದ ಬರೀಬೇಕು. ಹನ್ನೊಂದು ಗೂಡಿಗೆ ಯಾರೂ ಒಪ್ಪಲ್ಲ. ನಲವತ್ತೇಳಾದ್ರೆ ನಾನೇ ಜಗಳ ಆಡ್ತೀನಿ. ಆದ್ರೆ ಏನಂತ ಬರೀಲಿ? ಕಾಫಿ ಅಂಗಡಿ ಪುಸ್ತಕದಲ್ಲಿದೆ ಅಂತಲಾ?"

ಮೂಲೆಯಿಂದ ಎಮ್ರಿಸ್ ಎದ್ದ. ಅವನಿಗೆ ಸಿಟ್ಟು ಬರುವುದು ಅಪರೂಪ.

"ಇದು ಬರೀ ಕಾಫಿ ಅಂಗಡಿ ಪುಸ್ತಕ ಅಲ್ಲ, ಸ್ವಾಮಿ. ತೆಳುಕೊಕ್ಕಿನ ಗೊರವ ಇರೋ ಪುಸ್ತಕ ಇದು!" ಎಂದವನೇ ಸ್ಟೂಲು ಹತ್ತಿ, ಮೇಲಿನ ಅರೆಯಿಂದ ಹಳೆಯ ಸಂಪುಟ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ತಂದು, ಪುಟ ತೆರೆದು ಎಂಜಿನಿಯರನ ಮುಂದಿಟ್ಟ. ಅವಳ ಪರವಾಗಿ ನಿಲ್ಲಬೇಕೆಂದೇ ಪಾಪ ಅವನು ಹಾಗೆ ಮಾಡಿದ್ದು. ಅಮೆರ್ಸೂದಾ ತಡೆಯಲು ಕೈ ಚಾಚಿದ್ದು ತಡವಾಯಿತು.

ಕ್ಲೆಯಾಂಥಿಸ್ ನಿಧಾನವಾಗಿ ಓದಿದ. "ಈ ಹಕ್ಕಿ ವಿಷಯ ನಂಗೂ ಗೊತ್ತು. ಇದನ್ನೂ ನೀವು ಒಬ್ರೇ ನೋಡಿದ್ದಾ?"

"ಹೌದು."

ಅವನು ಲೋಟ ಎತ್ತಿದ. ಟಕ್. ಹತ್ತೊಂಬತ್ತು ವರ್ಷದಲ್ಲಿ ಆ ಸಾಲಿಗೆ ಬಿದ್ದ ಮೊದಲ ಪೆಟ್ಟು. ಮೀನುಗಾರರ ಮೇಜಿನಲ್ಲಿ ಯಾರೋ "ಛೆ" ಎಂದರು.

"ಇದು ನಿಜ ಅಂತ ಈಗ ಎಲ್ಲರ ಎದುರಿಗೆ ಹೇಳಿ," ಎಂದ ಕ್ಲೆಯಾಂಥಿಸ್. "ಹೇಳಿದ್ರೆ ಅದೂ ನಿಜ, ಇದೂ ನಿಜ. ನಾಳೆ ಪಂಪು ಹಾಕಲ್ಲ. ನಿಮ್ಮ ಮಾತಿನ ಮೇಲೇ ಕಾಗದ ಬರೀತೀನಿ."

ಹೇಳಬೇಕಾದದ್ದು ಒಂದೇ ಮಾತು. ಅದನ್ನು ಅವಳು ಹತ್ತೊಂಬತ್ತು ವರ್ಷದಲ್ಲಿ ನೂರು ಜನಕ್ಕೆ ಹೇಳಿದ್ದಳು. ಸುಳ್ಳೆಂದು ತೋರಿಸಿಕೊಡುವ ಮನುಷ್ಯ ಭೂಮಿಯ ಮೇಲಿರಲಿಲ್ಲ. ಹೌದೆಂದರೆ ನಲವತ್ತೇಳು ಗೂಡು ಉಳಿಯುತ್ತವೆ. ಅಲ್ಲವೆಂದರೆ ನಾಳೆ ಬೆಳಿಗ್ಗೆ ನೀರು ನುಗ್ಗಿ ಎಲ್ಲವೂ ಮುಳುಗುತ್ತವೆ, ಅವಳ ಹೆಸರೂ, ಕಂಬಳಿ ಸುತ್ತಿಕೊಂಡು ಕೂತಿದ್ದ ಆ ಮುದುಕನ ಸಂತೋಷವೂ. ಹಕ್ಕಿಗಾಗಿ ಒಂದು ಸುಳ್ಳು ಹೇಳಿದರೆ ಪಾಪವೇನೂ ಅಲ್ಲ ಎಂದು ಅನ್ನಿಸಿದ್ದೂ ನಿಜ. ಆದರೆ ಮುಂದೆ ಇದ್ದದ್ದು ಆ ಪುಟ. ಅದರ ಮೇಲೂ ಕೆಳಗೂ ಎಷ್ಟೋ ಜನ ತಮ್ಮ ತಪ್ಪಿಗೆ ತಾವೇ ಗೆರೆ ಎಳೆದು ಸಹಿ ಹಾಕಿದ್ದರು. ಅವರ ಕೈಗೆ ಪೆನ್ನು ಕೊಟ್ಟವಳು ಅವಳೇ.

"ಪ್ರೊಕೊಪಿ," ಎಂದಳು ಗಂಡನಿಗೆ, "ಪೆನ್ನು ಕೊಡು."

"ಯಾಕೆ?"

"ಕೊಡು ಅಂದ್ನಲ್ಲ."

ಅವಳು ನಿಂತುಕೊಂಡೇ ಹೇಳಿದಳು, ಪುಟ ನೋಡದೆ. "ಕೊಕ್ಕು ನೋಡಿದೆ. ಚಿಕ್ಕದಿತ್ತು, ಅದನ್ನೂ ನೋಡಿದೆ. ಚುಕ್ಕೆ ನೋಡ್ಲಿಲ್ಲ. ಬಿಸಿಲು ಎದುರಿಗಿತ್ತು. ಎಳೇ ಗೊರವ ಇದ್ರೂ ಇರಬಹುದು, ಅವಕ್ಕೂ ಕೊಕ್ಕು ಸಣ್ಣ ಇರುತ್ತೆ. ನಂಗೆ ಗೊತ್ತಿಲ್ಲ. ಚುಕ್ಕೆ ಬಾರ್ಬಾ ಫೋತಿಸಂದು. ಅವನ ಹತ್ರ ತಗೊಂಡು ನನ್ನ ಸಾಲಿಗೆ ಹಾಕ್ಕೊಂಡೆ."

ಬಾಗಿ, ಒಂದೇ ಗೆರೆ ಎಳೆದು, ಸಹಿ ಹಾಕಿದಳು. ಗೆರೆ ಸ್ವಲ್ಪ ಸೊಟ್ಟಗಾಯಿತು. ಎಮ್ರಿಸ್ ಟೋಪಿ ತೆಗೆದುಕೊಂಡು ಬಾಗಿಲು ದಾಟಿ ಹೋದ. ಅದನ್ನು ನೋಡಿದಾಗ ಅಮೆರ್ಸೂದಾಳ ಕಣ್ಣು ತುಂಬಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಕ್ಲೆಯಾಂಥಿಸ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಹಿಂದಕ್ಕೆ ಮುಂದಕ್ಕೆ ಪುಟ ತಿರುಗಿಸಿದ. ಬರೆದದ್ದನ್ನು ಓದುತ್ತಿರಲಿಲ್ಲ, ಹೊಡೆದದ್ದನ್ನು ಓದುತ್ತಿದ್ದ. ಗೊಬ್ಬರದ ಚೀಲದ ಹತ್ತಿರ ಅವನ ತುಟಿ ಸ್ವಲ್ಪ ಅಲ್ಲಾಡಿತು. ತುಂಬಾ ಹೊತ್ತಾದ ಮೇಲೆ ಮುಚ್ಚಿದ.

"ನಾಳೆ ಪಂಪು ಹಾಕಲ್ಲ."

"ಕನಿಕರ ಗಿನಿಕರ ಬೇಡ ನಂಗೆ," ಎಂದಳು ಅಮೆರ್ಸೂದಾ, ಮೂಗು ಒರೆಸಿಕೊಂಡು.

"ಕನಿಕರ ಅಲ್ಲ. ಹೌದು ಅಂದಿದ್ರೆ ನಂಗೆ ಅನುಮಾನ ಉಳೀತಿತ್ತು. ಈ ಗೆರೆ ಎಳೆದ ಕೈ ನಲವತ್ತಾರನ್ನ ನಲವತ್ತೇಳು ಅಂತ ಬರೆಯಲ್ಲ." ಅವನು ಎದ್ದು ಕೋಟು ಹಾಕಿಕೊಂಡ. "ಆದ್ರೂ ಕಾಗದಕ್ಕೆ ನನ್ನ ಸಹಿ ಬೀಳ್ಬೇಕಲ್ಲ. ಆರು ದಿನ ಬೆಳಿಗ್ಗೆ ನಾನೂ ಕೂರ್ತೀನಿ. ಸ್ಟೂಲು ಒಂದಿದ್ರೆ ಕೊಡಿ."

ಮನೆಗೆ ನಡೆಯುವಾಗ ಪ್ರೊಕೊಪಿಸ್ ಕೇಳಿದ: "ಹತ್ತೊಂಬತ್ತು ವರ್ಷ ನಂಗೂ ಹೇಳ್ಲಿಲ್ವಲ್ಲೇ?"

"ನೀನು ಹಕ್ಕಿ ಮಾತು ಯಾವತ್ತು ಕೇಳಿದ್ದೆ?"

"ಅದೂ ಹೌದು," ಎಂದು ಅವಳ ಕೈಯಿಂದ ಚೀಲ ತೆಗೆದುಕೊಂಡ. ಮರುದಿನ ಅವಳು ಸ್ಮಶಾನಕ್ಕೆ ಹೋಗಿ ಬಾರ್ಬಾ ಫೋತಿಸನ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಕಲ್ಲಿನ ಪಕ್ಕ ಕೂತಳು. ಹೇಳಬೇಕೆಂದು ಹೋದದ್ದನ್ನು ಹೇಳಲಾಗಲಿಲ್ಲ. ಅವನ ಗೆಲುವನ್ನು ಕಿತ್ತುಕೊಂಡೆನೆ ಎಂಬ ಸಂಕಟ ಅವಳನ್ನು ಆ ವಾರವೆಲ್ಲ ತಿಂದಿತು.

ಎಂಜಿನಿಯರ್ ಮಾತ್ರ ಮಾತಿಗೆ ತಪ್ಪಲಿಲ್ಲ. ಮೊದಲ ದಿನ ಕೆಮ್ಮಿದ, ಬೈಸಿಕೊಂಡ. ಎರಡನೇ ದಿನ ಕಾಲು ಜೋಮು ಹಿಡಿದು ಎದ್ದು ನಿಂತ, ಮತ್ತೆ ಬೈಸಿಕೊಂಡ. ಮೂರನೇ ದಿನದಿಂದ ಕಲ್ಲಿನ ಹಾಗೆ ಕೂತ. ಶುಕ್ರವಾರ ಅವನು ಪುಸ್ತಕದಲ್ಲಿ ತನ್ನ ಮೊದಲ ಸಾಲು ಬರೆದ: ಗೂಡು ನಲವತ್ತೈದು. ಸಂಜೆ ಓದುವಾಗ ಅಮೆರ್ಸೂದಾ ತಾನೇ ಲೋಟ ಕುಟ್ಟಿದಳು.

"ಪಂಪಿನ ಮನೆ ಕಡೆ ಮೂಲೆ ನೋಡಿದ್ರಾ?"

"ನೋಡಿದೆ. ಅಲ್ಲೇನಿಲ್ಲ."

"ನಾಳೆ ಮತ್ತೆ ನೋಡಿ."

ಶನಿವಾರ ಆರನೇ ಬೆಳಿಗ್ಗೆ. ಸಂಜೆ ಅವನು ಎಲ್ಲರಿಗಿಂತ ಮೊದಲು ಬಂದು ಪೆನ್ನು ಕೇಳಿ, ನಲವತ್ತೈದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ನಲವತ್ತೇಳು ಎಂದು ಬರೆದ. ಕಿವಿ ಕೆಂಪಾಗಿತ್ತು. ಮೀನುಗಾರರು ಚಪ್ಪಾಳೆ ತಟ್ಟಿದರು. ಜೂನ್ ಬರುವವರೆಗೆ ಮೂರನೇ ಗದ್ದೆಗೆ ನೀರಿಲ್ಲವೆಂದು ಕಾಗದ ಬರೆದು ಮಧ್ಯಾಹ್ನವೇ ಕಳಿಸಿದ್ದ.

ಅಮೆರ್ಸೂದಾ ಒಲೆ ಆರಿಸಿ ಕನ್ನಡಕ ಹಾಕುವಷ್ಟರಲ್ಲಿ ಬಾಗಿಲಲ್ಲಿ ಎಮ್ರಿಸ್ ಕಾಣಿಸಿದ. ಆರು ದಿನದಿಂದ ಅವನು ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಟೋಪಿ ತೆಗೆದು, ಮೂಲೆಯ ಮೇಜಿಗೆ ಹೋಗದೆ ನೇರ ಅವಳ ಹತ್ತಿರ ಬಂದ. ಕೈಯಲ್ಲಿ ಅವನ ಜೇಬಿನ ಪುಸ್ತಕ.

"ಕಿರಾ, ನಿಮ್ಮ ಸಾಲು ಇಲ್ಲಿಂದಾನೂ ಹೊಡೆದೆ. ತುಂಬಾ ಕಷ್ಟ ಆಯ್ತು, ಸುಳ್ಳು ಹೇಳಲ್ಲ."

"ಬೈಯಿ ಎಮ್ರಿಸ್. ಬೈಸ್ಕೊಳ್ಳೋಕೇ ಕಾಯ್ತಿದ್ದೆ."

"ಬೈಯೋಕೆ ಬಂದಿಲ್ಲ. ಅವತ್ತು ನಾನೇ ಆ ಪುಟ ತೆಗೆದಿದ್ದಲ್ವಾ? ನಿಮ್ಮ ಸಾಲಿನ ಕೆಳಗೆ ಇನ್ನೊಂದು ಸಾಲು ಇತ್ತು. ಅದಕ್ಕೆ ಗೆರೆ ಇಲ್ಲ."

"ಅದು ನಂದಲ್ಲ. ನಾನು ಹೊಡೆಯೋ ಹಾಗಿಲ್ಲ."

"ಹೊಡೀಬೇಕು ಅಂತಲ್ಲ." ಅವನು ಮಾತಿಗೆ ತಡಕಾಡಿದ. "ಅವನು ಆ ಚುಕ್ಕೆ ವಿಷಯ ನಿಮಗೆ ಯಾವಾಗ ಹೇಳಿದ್ದು? ಚಿತ್ರದ ಪುಸ್ತಕ ನೋಡಿದ ಮೇಲಾ?"

"ಇಲ್ಲಪ್ಪ. ನಾನು ಬಂದ ವರ್ಷಾನೇ. ಪುಸ್ತಕ ಬಂದಿದ್ದು ಹತ್ತು ವರ್ಷ ಆದ್ಮೇಲೆ. ಊರಿಗೇ ಗೊತ್ತಿತ್ತಲ್ಲ, ಆಟೀನು ಹಕ್ಕಿ ಅಂತ ಐವತ್ತೆಂಟರಿಂದ ಆಡ್ಕೊಂಡು..."

ಅಷ್ಟಕ್ಕೇ ಅವಳು ನಿಂತಳು. ಓದು ಬಾರದ, ಪುಸ್ತಕ ಕಾಣದ ಉಪ್ಪಿನ ಕೂಲಿಯವನೊಬ್ಬ, ಇಂಥ ಹಕ್ಕಿ ಇದೆಯೆಂದೇ ಗೊತ್ತಿಲ್ಲದವನು, ಅದರ ಪಕ್ಕೆಯ ಮೇಲೆ ಹೃದಯದ ಗುರುತಿದೆಯೆಂದು ಹೇಳಬೇಕಾದರೆ ಅವನು ಅದನ್ನು ನೋಡಿರಲೇಬೇಕು. ಹತ್ತು ಹೆಜ್ಜೆ ದೂರದಿಂದ, ಬಿಸಿಲು ಬೆನ್ನಿಗಿಟ್ಟುಕೊಂಡು ನೋಡಿರಬೇಕು. ಅಷ್ಟು ವರ್ಷ ಅವಳ ಸಾಲು ಅವನ ಮಾತಿಗೆ ಆಸರೆ ಎಂದುಕೊಂಡಿದ್ದಳು. ಇಬ್ಬರ ಸಾಲಲ್ಲೂ ಅದೇ ಚುಕ್ಕೆ ಇದ್ದದ್ದರಿಂದ, ಅವನದು ಅವಳದರ ನಕಲಿನಂತೆ ಕಂಡಿತ್ತು, ಅಷ್ಟೇ.

"ಓದಿ," ಎಂದ ಎಮ್ರಿಸ್. "ಅವತ್ತು ಗದ್ದಲದಲ್ಲಿ ಯಾರೂ ಕೇಳಿಸ್ಕೊಂಡಿಲ್ಲ."

ಅವಳು ಹಳೆಯ ಪುಸ್ತಕ ತೆರೆದಳು. ಬೆರಳಿನಿಂದ ಸಾಲು ಹುಡುಕಿ ಗಟ್ಟಿಯಾಗಿ ಓದಿದಳು.

"ತೆಳುಕೊಕ್ಕಿನ ಗೊರವ, ಒಂದು. ಮೂರನೇ ಗದ್ದೆ, ಹತ್ತು ಹೆಜ್ಜೆ. ಪಕ್ಕೆಯಲ್ಲಿ ಕಪ್ಪು ಆಟೀನು. ಸಾವಿರದ ಒಂಬೈನೂರ ಐವತ್ತೆಂಟು, ಏಪ್ರಿಲ್. ನಾನು ಕಂಡೆ. ಫೋತಿಸ್."

ಓದಿ ತಲೆ ಎತ್ತಿ ಮೀನುಗಾರರ ಮೇಜಿನ ಕಡೆ ನೋಡಿದಳು. ಐವತ್ತೆಂಟರಲ್ಲಿ ಅದೇ ಮೇಜಿನ ಮೇಲೆ ಲೋಟ ಕುಟ್ಟಿದವರ ಮಕ್ಕಳು ಅಲ್ಲಿದ್ದರು. ಪ್ರೊಕೊಪಿಸನೂ ಇದ್ದ, ಕುಟ್ಟಿದವರಲ್ಲಿ ಅವನ ಅಪ್ಪನೇ ಮುಂದು. ಒಬ್ಬೊಬ್ಬರಾಗಿ ಲೋಟದಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಮೆರ್ಸೂದಾ ಬೇಕೆಂದೇ ಬೇರೆ ಸಾಲುಗಳಿಗಿಂತ ಹೆಚ್ಚು ಹೊತ್ತು ಕಾದಳು. ಹೊರಗೆ ಆಗರದ ಕಡೆಯಿಂದ ಮೆಟ್ಟುಗಾಲುಗಳ ಕೂಗು ಕೇಳುತ್ತಿತ್ತು.

"ನಿಂತಿತು, ಬಾರ್ಬಾ," ಎಂದಳು.